ಮೆಷಿನ್ ಡಿಸೈನ್ ಮೇಡಂಗೆ ಬಡ್ಡಿಯ ಪಾಠ ಯಾಕೆ?

ಮದುವೆ ಊಟದಲ್ಲಿ ಪಕ್ಕ ಕೂತವರು, ಮಕ್ಕಳ ಅಡ್ಮಿಷನ್‌ಗೆ ಬಂದ ಅಪ್ಪಂದಿರು, ನಮ್ಮದೇ ಎಂಬಿಎ ವಿಭಾಗದವರು, ಎಲ್ಲರದ್ದೂ ಒಂದೇ ಪ್ರಶ್ನೆ. "ನೀವು ಮೆಕ್ಯಾನಿಕಲ್ ಅಲ್ವಾ ಮೇಡಂ? ಮತ್ತೆ ಈ ದುಡ್ಡಿನ ಪಾಠ ಎಂತದ್ದು?"

ಮಂಗಳೂರಿನ ಹೊರವಲಯದ ಒಂದು ಕಾಲೇಜಿನಲ್ಲಿ ಮೆಷಿನ್ ಡಿಸೈನ್ ಕಲಿಸುತ್ತೇನೆ. ಜೊತೆಗೆ ಪರ್ಸನಲ್ ಫೈನಾನ್ಸ್ ಅಂತ ಒಂದು ಎಲೆಕ್ಟಿವ್. ಮೊದಲ ವರ್ಷ ಬೇರೆ ಯಾರೂ ಸಿಗಲಿಲ್ಲ ಅಂತ ನನ್ನ ತಲೆಗೆ ಕಟ್ಟಿದ್ದು. ಆಮೇಲೆ ಬಿಡಲು ನನಗೇ ಮನಸ್ಸಾಗಲಿಲ್ಲ. ಯಾಕೆ ಅನ್ನುವುದಕ್ಕೆ ಉತ್ತರ ನನ್ನ ಮೇಜಿನ ಮೇಲೇ ಇದೆ.

ಅದು ಬೈಕಂಪಾಡಿಯ ಒಂದು ವರ್ಕ್‌ಶಾಪಿನಿಂದ ಕೇಳಿ ತಂದ ತುಂಡಾದ ಶಾಫ್ಟ್, ಅಂದರೆ ಯಂತ್ರದಲ್ಲಿ ತಿರುಗುವ ದಂಡ. ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ ಕೀವೇಯ (ಕೀಲಿ ಕೂರಲು ಶಾಫ್ಟಿನಲ್ಲಿ ಕೊರೆದ ಸೀಳು) ಒಂದು ಮೂಲೆಯಿಂದ ಕಮಾನಿನ ಹಾಗೆ ಸಣ್ಣ ಸಣ್ಣ ಗೆರೆಗಳು ಹೊರಟಿವೆ. ಇಳಿತದ ಹೊತ್ತಿಗೆ ಪಣಂಬೂರಿನ ಮರಳಲ್ಲಿ ನೀರು ಗೆರೆ ಬಿಟ್ಟು ಹೋಗುತ್ತದಲ್ಲ, ಥೇಟ್ ಹಾಗೆ. ಇವುಗಳ ಹೆಸರೂ ಬೀಚ್ ಮಾರ್ಕ್ ಅಂತಲೇ. ಮುಕ್ಕಾಲು ಭಾಗ ನಯವಾಗಿದೆ. ಅಷ್ಟನ್ನೂ ಬಿರುಕು ದಿನಾ ಸ್ವಲ್ಪ ಸ್ವಲ್ಪ ತಿಂದಿದೆ. ಉಳಿದ ಕಾಲು ಭಾಗ ಒರಟು, ಅದು ಕೊನೆಗೆ ಒಂದೇ ಏಟಿಗೆ ಹೋದದ್ದು.

ಇಡೀ ಶಾಫ್ಟಿನ ಸರಾಸರಿ ಸ್ಟ್ರೆಸ್, ಅಂದರೆ ಲೋಹದ ಒಳಗೆ ಬೀಳುವ ಒತ್ತಡ, ಲೆಕ್ಕ ಹಾಕಿದರೆ ಎಲ್ಲ ಸರಿಯಾಗಿಯೇ ಉಂಟು. ಮುರಿದದ್ದು ಆ ಮೂಲೆಯಿಂದ. ಅಗಲವಾದ ಪ್ಲೇಟಿನಲ್ಲಿ ಚಿಕ್ಕದೊಂದು ದುಂಡು ತೂತು ಕೊರೆದು ಎಳೆದರೆ, ತೂತಿನ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟು ಏರುತ್ತದೆ. ಹುಡುಗರು ಇದನ್ನು ಪರೀಕ್ಷೆಗೆ ಬರೆಯುತ್ತಾರೆ, ಮಾರ್ಕ್ಸೂ ತೆಗೆಯುತ್ತಾರೆ. ಆಮೇಲೆ ಶೋರೂಮಿಗೆ ಹೋಗಿ ಸಾಲದ ಕಾಗದಕ್ಕೆ ಸುಮ್ನೆ ಸೈನ್ ಹಾಕಿ ಬರುತ್ತಾರೆ.

ಹೋದ ವರ್ಷ ಬೆಂಗ್ರೆಯ ಹುಡುಗನೊಬ್ಬ ಹೊಸ ಬೈಕಿನಲ್ಲಿ ಬಂದ. ಅಪ್ಪನ ಹೆಸರಲ್ಲಿ 1 ಲಕ್ಷ ಸಾಲ, 36 ಕಂತು. "ಬರೀ 10 ಪರ್ಸೆಂಟ್ ಮೇಡಂ, ಫ್ಲಾಟ್" ಅಂದ. ಬೋರ್ಡಿಗೆ ಕರೆದೆ. ಫ್ಲಾಟ್ ಅಂದರೆ ಕೊನೆಯವರೆಗೂ ಪೂರ್ತಿ 1 ಲಕ್ಷಕ್ಕೇ ಬಡ್ಡಿ. ವರ್ಷಕ್ಕೆ 10,000ದ ಹಾಗೆ ಮೂರು ವರ್ಷಕ್ಕೆ 30,000 ಬಡ್ಡಿ. ಒಟ್ಟು 1,30,000. ತಿಂಗಳಿಗೆ 3,611.

"ಇದರಲ್ಲಿ ಬಡ್ಡಿ ಎಷ್ಟು?"

"833."

"ಅಸಲು?"

"2,778."

"ಹಾಗಾದ್ರೆ ಕೊನೆಯ ತಿಂಗಳು ನಿಮ್ಮ ಸಾಲ ಎಷ್ಟು ಉಳಿದಿರ್ತದೆ ಮಾರಾಯ?"

ಚಾಕ್ ಹಿಡಿದು ನಿಂತ. 2,778 ರೂಪಾಯಿ. ಒಂದು ತಿಂಗಳಿಗೆ ಅದಕ್ಕೂ 833 ಬಡ್ಡಿ! ಹಿಂದಿನ ಬೆಂಚಿನಿಂದ ಯಾರೋ "ಅಲ್ಲೇ ಕೀವೇ ಇರೋದು" ಅಂದ. ದೇವರಾಣೆ, ನಾನು ಹೇಳಿಕೊಟ್ಟದ್ದಲ್ಲ.

ಎಕ್ಸೆಲ್‌ನ ರೇಟ್ ಫಂಕ್ಷನ್‌ಗೆ ಇದೇ ಅಂಕಿ ಕೊಟ್ಟೆವು. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಿಡಿದರೆ ವರ್ಷಕ್ಕೆ ಹೆಚ್ಚುಕಡಿಮೆ 18 ಪರ್ಸೆಂಟ್ ಆಗುತ್ತದೆ. ಶೋರೂಮಿನವರು ಸುಳ್ಳು ಹೇಳಿರಲಿಲ್ಲ. ಇಡೀ ಶಾಫ್ಟಿನ ಸರಾಸರಿ ಹೇಳಿದ್ದರು, ಅಷ್ಟೇ.

ಫ್ಯಾಕ್ಟರ್ ಆಫ್ ಸೇಫ್ಟಿಗೂ (ಬೇಕಾದ್ದಕ್ಕಿಂತ ಇಷ್ಟು ಪಟ್ಟು ಗಟ್ಟಿ ಇರಲಿ ಅನ್ನುವ ಲೆಕ್ಕ) ಉಳಿತಾಯಕ್ಕೂ ಹೋಲಿಕೆ ಕೊಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಅಷ್ಟು ಸೇರುವುದಿಲ್ಲ. "ಆರು ತಿಂಗಳ ಖರ್ಚು ಕೈಲಿರಲಿ" ಅಂತ ಹೇಳಿ ಬಿಟ್ಟರೆ, ಮನೆ ಯಾವ ತಿಂಗಳು ಬಗ್ಗುತ್ತದೆ ಅಂತ ಯಾರೂ ನೋಡುವುದಿಲ್ಲ.

ಆ ಹುಡುಗನ ಅಪ್ಪ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಸಂಪಾದನೆ 10 ತಿಂಗಳಿಗೆ, ಕಂತು 12 ತಿಂಗಳಿಗೆ. ವರ್ಷದ ಆದಾಯವನ್ನು 12ರಿಂದ ಭಾಗಿಸಿ ನೋಡಿದರೆ ಕಂತು ಆರಾಮಾಗಿ ಕಟ್ಟಬಹುದು ಅನಿಸುತ್ತದೆ. ಮತ್ತೆ ಅದೇ ಸರಾಸರಿ. ಜರ್ಮನಿಯ ಆಗಸ್ಟ್ ವೋಲರ್ 1850-60ರ ದಶಕಗಳಲ್ಲಿ ರೈಲಿನ ಆಕ್ಸಲ್‌ಗಳನ್ನು ಪರೀಕ್ಷಿಸಿ ತೋರಿಸಿದ್ದೂ ಇದರ ಹತ್ತಿರದ ಸಂಗತಿಯೇ. ಒಮ್ಮೆ ಹೇರಿದರೆ ಏನೂ ಆಗದ ಲೋಡು, ಏರುತ್ತಾ ಇಳಿಯುತ್ತಾ ಲಕ್ಷಾಂತರ ಸಲ ಬಂದರೆ ಉಕ್ಕನ್ನೂ ಮುರಿಯುತ್ತದೆ.

"ಸರಿ, ಇದಕ್ಕೆ ಡಿಸೈನ್ ಮಾಡಿ" ಅಂದೆ. ಒಬ್ಬ ಇನ್ನೊಂದು ಸಾಲ ಅಂದ. ಒಬ್ಬಳು ಚಿನ್ನ ಅಡವು ಅಂದಳು. ನಾನು ಪಿಗ್ಮಿ ಅಂದದ್ದಕ್ಕೆ ಎಲ್ಲರೂ ನಕ್ಕರು, ಅಜ್ಜಿ ಕಾಲದ್ದು ಅಂತ. ಅಜ್ಜಿ ಕಾಲದ್ದೇ ಹೌದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು 1928ರಲ್ಲಿ ಶುರುಮಾಡಿದ್ದು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟರು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ದಿನಗೂಲಿಯವರ ಕೈಗೆ ದುಡ್ಡು ಹೇಗೆ ಬರುತ್ತದೋ ಹಾಗೇ ಉಳಿತಾಯ.

ಲೆಕ್ಕ ಹಾಕಿದೆವು. ಎರಡು ಕಂತು ಅಂದರೆ 7,222. ದುಡಿಮೆಯ 300 ದಿನಕ್ಕೆ ಹಂಚಿದರೆ ದಿನಕ್ಕೆ 24 ರೂಪಾಯಿ.

ಹುಡುಗ ಆ 24ನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತ. "ಅಮ್ಮ ದಿನಾ 50 ಹಾಕ್ತಾರೆ ಮೇಡಂ, ಪಿಗ್ಮಿಗೆ. ಮೊದಲಿಂದಲೂ" ಅಂದ. "ಯಾಕೆ ಅಂತ ನಾನು ಕೇಳಿಯೇ ಇಲ್ಲ."