ಆ ಹನ್ನೆರಡು ಕೈಗಳು

ಪೌರನೀತಿಯ ಪಾಠಕ್ಕೆ ಪಾಡ್‌ಕಾಸ್ಟ್ ಬಳಸಲು ಹೊರಟಾಗ ನಾನು ಮಾಡಿದ ಮೊದಲ ತಪ್ಪೆಂದರೆ, 28 ನಿಮಿಷಗಳ ಒಂದು ಸಂಚಿಕೆಯನ್ನು ಆರಂಭದಿಂದ ಕೊನೆಯವರೆಗೆ ಎಲ್ಲಿಯೂ ನಿಲ್ಲಿಸದೆ ಕೇಳಿಸಿದ್ದು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹಿಂದಿನ ಬೆಂಚುಗಳ ತಲೆಗಳು ಒಂದೊಂದಾಗಿ ಡೆಸ್ಕಿಗೆ ಒರಗಿದ್ದವು. ಮುಂದಿನ ಬೆಂಚಿನವರು ಮರ್ಯಾದೆಗಾಗಿ ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದರು. ಕೊನೆಗೆ, ಏನು ಅರ್ಥವಾಯಿತು ಎಂದು ಕೇಳಿದಾಗ ಒಬ್ಬ ಹುಡುಗ ಎದ್ದು ನಿಂತು, "ದನಿ ಚೆನ್ನಾಗಿತ್ತು ಮೇಡಂ" ಎಂದ. ಅದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನನ್ನ ಪಾಠಕ್ಕೆ ಯಾರೂ ಕೊಟ್ಟಿಲ್ಲ. ಒಬ್ಬರೇ ನಡೆಯುತ್ತಲೋ ಕೆಲಸ ಮಾಡುತ್ತಲೋ ಕೇಳಲೆಂದು ತಯಾರಾದ ವಸ್ತುವನ್ನು, 38 ಮಕ್ಕಳು ಕೈಕಟ್ಟಿ ಕುಳಿತ ಕೋಣೆಗೆ ತಂದು ಇಟ್ಟರೆ ಕಿವಿಗೆ ಕೆಲಸವಿರುವುದಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ.

ಎರಡನೆಯ ಸಲ ನಾನು ಬೇರೊಂದು ಸಂಚಿಕೆಯನ್ನು ಮೂರು ಬಾರಿ ಕೇಳಿ, ಅದರಿಂದ ಆರೇ ನಿಮಿಷಗಳನ್ನು ಆರಿಸಿಕೊಂಡು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿಮಿಷ, ಸೆಕೆಂಡುಗಳ ಸಮೇತ ಒಂದು ಚೀಟಿಯಲ್ಲಿ ಬರೆದುಕೊಂಡು ತರಗತಿಗೆ ಹೋದೆ. ವಿಷಯ, ಗುಪ್ತ ಮತದಾನ ಹೇಗೆ ಬಂತು ಎಂಬುದು. ಅದನ್ನೇ ಆರಿಸಲು ಕಾರಣವೂ ಇತ್ತು. ಹಿಂದಿನ ವಾರವಷ್ಟೇ ನಮ್ಮ ತರಗತಿಯ ನಾಯಕನ ಆಯ್ಕೆ ಕೈ ಎತ್ತುವ ಮೂಲಕ ನಡೆದಿತ್ತು. ಸ್ಪರ್ಧಿಸಿದ್ದ ಮೂವರೂ ಕಪ್ಪುಹಲಗೆಯ ಮುಂದೆ ತರಗತಿಗೆ ಮುಖ ಮಾಡಿ ನಿಂತಿದ್ದರು. ಒಬ್ಬನ ಹೆಸರು ಕರೆದಾಗ ಕೈಗಳು ಅಲೆಯಂತೆ ಎದ್ದವು. ಕಿಟಕಿಯ ಪಕ್ಕದ ಒಬ್ಬಳು ಮೊಣಕೈಯನ್ನು ಡೆಸ್ಕಿನ ಮೇಲೆಯೇ ಊರಿ ಅರ್ಧ ಕೈ ಎತ್ತಿದವಳು, ಪಕ್ಕದವಳ ಕಡೆಗೊಮ್ಮೆ ನೋಡಿ ಪೂರ್ತಿ ಎತ್ತಿದಳು. 31, 5, 2 ಎಂದು ಲೆಕ್ಕವಾಯಿತು. ಆ ಅರ್ಧ ಕೈಯನ್ನು ಕಂಡೂ ನಾನು ಸುಮ್ಮನೆ ಅಂಕಿಗಳನ್ನು ಹಲಗೆಯ ಮೇಲೆ ಬರೆದಿದ್ದೆ.

ಸಂಚಿಕೆಯ ಆ ಭಾಗ ಬ್ರಿಟನ್ನಿನ ಹಳೆಯ ಚುನಾವಣೆಯೊಂದನ್ನು ಶಬ್ದಗಳಲ್ಲಿ ಕಟ್ಟಿಕೊಡುತ್ತದೆ. 1872ಕ್ಕಿಂತ ಮೊದಲು ಅಲ್ಲಿನ ಮತದಾರ ಎಲ್ಲರೆದುರು ನಿಂತು, ತಾನು ಯಾರಿಗೆ ಮತ ಕೊಡುತ್ತೇನೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಗುಮಾಸ್ತ ಅದನ್ನು ಬರೆದುಕೊಳ್ಳುತ್ತಿದ್ದ. ಯಾರು ಯಾರಿಗೆ ಮತ ಕೊಟ್ಟರು ಎಂಬ ಪಟ್ಟಿಯನ್ನು ಅನೇಕ ಕಡೆ ಪುಸ್ತಕವಾಗಿ ಮುದ್ರಿಸಿ ಮಾರುತ್ತಲೂ ಇದ್ದರು. ಸ್ಪೀಕರಿನಿಂದ ಜನಜಂಗುಳಿಯ ಗದ್ದಲ, ಮರದ ಮೆಟ್ಟಿಲುಗಳ ಮೇಲೆ ಬೂಟುಗಾಲಿನ ಸಪ್ಪಳ, ಕೊನೆಗೆ ಗುಮಾಸ್ತನ ಒಣ ದನಿಯಲ್ಲಿ "ನಿಮ್ಮ ಮತ ಯಾರಿಗೆ?" ಎಂಬ ಪ್ರಶ್ನೆ ಬಂತು. ನಾನು ಅಲ್ಲಿಗೆ ನಿಲ್ಲಿಸಿದೆ.

ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಆ ಮನುಷ್ಯ ಇನ್ನೂ ಅಟ್ಟಣಿಗೆಯ ಮೇಲೆಯೇ ನಿಂತಿದ್ದಾನೆ, ಅವನ ಉತ್ತರ ಬಾಯಲ್ಲೇ ಇದೆ ಎಂಬ ಭಾವನೆ ನನಗೂ ಬಂತು. ಪಠ್ಯಪುಸ್ತಕದ ಒಂದು ವಾಕ್ಯವನ್ನು ಓದಿ ಅರ್ಧಕ್ಕೆ ನಿಲ್ಲಿಸಿದ್ದರೆ ಮಕ್ಕಳು ಉಳಿದರ್ಧವನ್ನು ತಾವೇ ಓದಿಕೊಂಡುಬಿಡುತ್ತಿದ್ದರು. ಶಬ್ದದಲ್ಲಿ ಮುಂದಿನದನ್ನು ಇಣುಕಿ ನೋಡುವ ದಾರಿಯಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಕೇಳಿದಳು: "ಮೇಡಂ, ಅವನು ಬಾಡಿಗೆಗಿರುವ ಮನೆಯ ಯಜಮಾನ ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದರೆ?" ಹಿಂದಿನಿಂದ ಇನ್ನೊಬ್ಬ, "ದುಡ್ಡು ಕೊಟ್ಟವನೂ ನಿಂತಿರುತ್ತಾನೆ, ಕೊಟ್ಟದ್ದಕ್ಕೆ ಮತ ಬಂತೋ ಇಲ್ಲವೋ ನೋಡಬೇಕಲ್ಲ" ಎಂದ. ಬೆದರಿಕೆ ಮತ್ತು ಲಂಚ ಎಂಬ ಎರಡು ಶೀರ್ಷಿಕೆಗಳನ್ನು ಹಲಗೆಯ ಮೇಲೆ ಬರೆದು ವಿವರಿಸಬೇಕೆಂದು ಸಿದ್ಧವಾಗಿ ಹೋಗಿದ್ದ ನನಗೆ ವಿವರಿಸಲು ಏನೂ ಉಳಿಯಲಿಲ್ಲ. ಮತವನ್ನು ಕೊಂಡವನಿಗೆ ಸರಕು ಕೈಸೇರಿತೇ ಎಂದು ಪರೀಕ್ಷಿಸಲು ಬಾರದಂತೆ ಮಾಡುವುದೇ ಗುಟ್ಟಿನ ದೊಡ್ಡ ಪ್ರಯೋಜನ ಎಂಬುದನ್ನು ಆ ಹುಡುಗ ಒಂದೇ ವಾಕ್ಯದಲ್ಲಿ ಹೇಳಿ ಕುಳಿತಿದ್ದ.

ಮುಂದಿನ ಭಾಗ ಬೇಗ ಸಾಗಿತು. 1838ರಲ್ಲಿ ಚಾರ್ಟಿಸ್ಟ್ ಚಳವಳಿಯ ಕಾರ್ಮಿಕರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಗುಪ್ತ ಮತದಾನವೂ ಒಂದು. 1856ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ, ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳು ಅದನ್ನು ಕಾನೂನಾಗಿಸಿದವು. ಬ್ರಿಟನ್ನಿನಲ್ಲಿ ಕಾನೂನು ಬಂದ ಮೇಲೆ 1872ರ ಆಗಸ್ಟ್ 15ರಂದು ಪಾಂಟಿಫ್ರ್ಯಾಕ್ಟ್ ಎಂಬ ಊರಿನ ಉಪಚುನಾವಣೆಯಲ್ಲಿ ಸಂಸತ್ತಿಗೆ ಮೊದಲ ಬಾರಿಗೆ ಈ ರೀತಿ ಮತದಾನ ನಡೆಯಿತು. ಅಲ್ಲಿ ಮತಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಲು ಬಳಸಿದ್ದು ಊರಿನ ಜ್ಯೇಷ್ಠಮಧು ಮಿಠಾಯಿಯ ಕಾರ್ಖಾನೆಯ ಅಚ್ಚನ್ನು. ಮಿಠಾಯಿಯ ಅಚ್ಚು ಎಂಬ ಮಾತಿಗೆ ಇಡೀ ತರಗತಿ ನಕ್ಕಿತು, ಮತ್ತು ಆ ವರ್ಷದ ಪರೀಕ್ಷೆಯಲ್ಲಿ 1872 ಎಂಬ ಇಸವಿಯನ್ನು ಯಾರೂ ತಪ್ಪಾಗಿ ಬರೆಯಲಿಲ್ಲ.

ಇಲ್ಲಿಯವರೆಗೆ ಎಲ್ಲವೂ ನಾನು ಅಂದುಕೊಂಡ ಹಾಗೆಯೇ ನಡೆದಿತ್ತು. ತರಗತಿಯಲ್ಲಿ ಕಿವಿ ಮಂದವಿರುವ ಒಬ್ಬ ಹುಡುಗಿ ಇದ್ದಾಳೆ. ಅವಳಿಗೆಂದು ಸಂಚಿಕೆಯ ಲಿಖಿತ ಪಠ್ಯವನ್ನು ಮುದ್ರಿಸಿ ಕೊಟ್ಟಿದ್ದೆ. ಉಳಿದವರು ನಗುತ್ತಿರುವಾಗ ಅವಳು ಹಾಳೆಯಲ್ಲಿ ಒಂದು ಪದಕ್ಕೆ ಎರಡು ಗೆರೆ ಎಳೆದು ನನ್ನ ಕಡೆಗೆ ತಿರುಗಿಸಿದಳು. "ಆಗ ಜನರೆಲ್ಲ ಗಟ್ಟಿಯಾಗಿ ಕೂಗಿ ಮತ ಕೊಡುತ್ತಿದ್ದರು" ಎಂದು ನಿರೂಪಕ ಹೇಳಿದ್ದ. "ಜನರೆಲ್ಲ ಅಂದರೆ ಹೆಂಗಸರೂನಾ ಮೇಡಂ?" ಎಂದು ಅವಳ ಪ್ರಶ್ನೆ. ಖಂಡಿತ ಅಲ್ಲ. ಆ ಕಾಲದಲ್ಲಿ ಸಂಸತ್ತಿನ ಚುನಾವಣೆಯಲ್ಲಿ ಮಹಿಳೆಯರಿಗೆ ಮತವೇ ಇರಲಿಲ್ಲ. ಅದು ಅಲ್ಲಿ ಭಾಗಶಃ ಬಂದದ್ದು 1918ರಲ್ಲಿ, ಗಂಡಸರಿಗೆ ಸಮನಾಗಿ ಸಿಕ್ಕಿದ್ದು 1928ರಲ್ಲಿ. ಗಂಡಸರಲ್ಲೂ ಆಸ್ತಿಯದೋ ಬಾಡಿಗೆಯದೋ ಅರ್ಹತೆ ಇದ್ದವರಿಗೆ ಮಾತ್ರ ಮತವಿತ್ತು. ಮೂರು ಸಲ ಕೇಳಿದ್ದ ನನಗೆ ಆ ಪದ ತಟ್ಟಿರಲಿಲ್ಲ. ಬೆಚ್ಚಗಿನ, ಆತ್ಮೀಯವಾದ ದನಿಯೊಂದು ಕಿವಿಯ ಹತ್ತಿರ ಹೇಳಿದ್ದನ್ನು ನಾವು ಅಷ್ಟಾಗಿ ತಕರಾರು ಮಾಡುವುದಿಲ್ಲ. ಗೆರೆ ಎಳೆಯಲು ಅಲ್ಲಿ ಕಾಗದವೂ ಇರುವುದಿಲ್ಲ. ಆ ದಿನದ ನಂತರ ನಾನು ಲಿಖಿತ ಪಠ್ಯವಿಲ್ಲದೆ ಯಾವ ಸಂಚಿಕೆಯನ್ನೂ ತರಗತಿಗೆ ತಂದಿಲ್ಲ, ಮತ್ತು ಅದನ್ನು ಎಲ್ಲರಿಗೂ ಕೊಡುತ್ತೇನೆ.

ಅವಧಿ ಮುಗಿಯಲು ಇನ್ನೂ ಹದಿನೈದು ನಿಮಿಷವಿತ್ತು. ಗುಟ್ಟು ಯಾವಾಗಲೂ ಒಳ್ಳೆಯದು ಎಂಬ ತೀರ್ಮಾನಕ್ಕೆ ಅವರು ಅವಸರದಲ್ಲಿ ಬರಬಾರದೆಂದು, ಸ್ವಾತಂತ್ರ್ಯದ ಪರ ಅಷ್ಟೆಲ್ಲ ಬರೆದ ಜಾನ್ ಸ್ಟುವರ್ಟ್ ಮಿಲ್ ಗುಪ್ತ ಮತದಾನವನ್ನು ವಿರೋಧಿಸಿದ್ದನ್ನು ಹೇಳಿದೆ. ಮತವೆಂಬುದು ಸ್ವಂತ ಸೊತ್ತಲ್ಲ, ಸಾರ್ವಜನಿಕರ ಪರವಾಗಿ ಹೊತ್ತ ಹೊಣೆ. ಆದ್ದರಿಂದ ಅದನ್ನು ಎಲ್ಲರೆದುರೇ ಚಲಾಯಿಸಬೇಕು ಎಂಬುದು ಅವನ ವಾದ. ಸ್ವಿಟ್ಜರ್ಲೆಂಡಿನ ಗ್ಲಾರುಸ್ ಪ್ರಾಂತದಲ್ಲಿ ಇಂದಿಗೂ ಜನ ಬಯಲಿನಲ್ಲಿ ಸೇರಿ ಕೈ ಎತ್ತಿ ಕಾನೂನುಗಳನ್ನು ತೀರ್ಮಾನಿಸುವುದನ್ನೂ ಹೇಳಿದೆ. ಇದು ಅಷ್ಟೇನೂ ನಾಟಲಿಲ್ಲ. ಅವರ ಮನಸ್ಸು ಆಗಲೇ ಬೇರೆ ಕಡೆಗೆ ಓಡಿತ್ತು. ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು, "ಹಾಗಾದರೆ ಹೋದ ವಾರ ನಾವು ಮಾಡಿದ್ದು?" ಎಂದು ಕೇಳಿಯೇಬಿಟ್ಟ.

ಗೆದ್ದಿದ್ದ ಹುಡುಗನ ಮುಖ ಕೆಂಪಾಯಿತು. ಆದರೆ ಅವನು ಎತ್ತಿದ ಆಕ್ಷೇಪ ಚಿಕ್ಕದಾಗಿರಲಿಲ್ಲ. "ಫಲಿತಾಂಶ ಬಂದ ಮೇಲೆ ನಿಯಮ ಬದಲಾಯಿಸಬಹುದಾ ಮೇಡಂ? ಸೋತವರು ಕೇಳಿದಾಗಲೆಲ್ಲ ಬದಲಾಯಿಸುತ್ತಾ ಹೋದರೆ?" ಸರಿ, ಮರುಮತದಾನ ಬೇಕೋ ಬೇಡವೋ ಎಂಬುದನ್ನು ಮತಕ್ಕೆ ಹಾಕೋಣ ಎಂದು ಒಬ್ಬಳು ಸೂಚಿಸಿದಳು. ಆ ಮತವನ್ನು ಕೈ ಎತ್ತಿ ಹಾಕುವುದೋ, ಗುಟ್ಟಾಗಿಯೋ ಎಂದು ಇನ್ನೊಬ್ಬ ಕೇಳಿದ್ದೇ ತಡ ತರಗತಿ ಸಂತೆಯಾಯಿತು. ನಾನು ಏನಾದರೂ ಹೇಳಿದರೆ ಅದೇ ತೀರ್ಪಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಆ ಹುಡುಗನೇ, ಎಣಿಕೆಯ ಹೊತ್ತಿಗೆ ತಾನೂ ಪಕ್ಕದಲ್ಲಿ ನಿಂತಿರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದ.

ಮರುದಿನಕ್ಕೆ ನಿಗದಿಯಾಯಿತು. ಚೀಟಿಯಲ್ಲಿ ಹೆಸರು ಬರೆದು ಹಾಕಿ ಎಂದು ನಾನು ಹೇಳುತ್ತಿದ್ದಂತೆ ಕಿಟಕಿಯ ಪಕ್ಕದವಳು, ಅದೇ ಅರ್ಧ ಕೈಯ ಹುಡುಗಿ, ಮೆಲ್ಲಗೆ ಹೇಳಿದಳು: "ನಿಮಗೆ ನಮ್ಮೆಲ್ಲರ ಅಕ್ಷರ ಗೊತ್ತಲ್ಲ ಮೇಡಂ." ವರ್ಷವಿಡೀ ಅವರ ನೋಟ್‌ಬುಕ್ ತಿದ್ದುವವಳು ನಾನು. ಅಟ್ಟಣಿಗೆಯ ಕೆಳಗೆ ನಿಂತು ಕೇಳಿಸಿಕೊಳ್ಳುವವರ ಸಾಲಿನಲ್ಲಿ ನಾನೂ ಇದ್ದೇನೆ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಎಲ್ಲ ಅಭ್ಯರ್ಥಿಗಳ ಹೆಸರನ್ನೂ ಒಂದೇ ಬಗೆಯ ಹಾಳೆಯಲ್ಲಿ ಸರ್ಕಾರವೇ ಮುದ್ರಿಸಿ ಕೊಡುವ ಪದ್ಧತಿಯ ಅಗತ್ಯವನ್ನು ಅವಳು ಯಾವ ಸಂಚಿಕೆಯ ಸಹಾಯವೂ ಇಲ್ಲದೆ ಕಂಡುಕೊಂಡಿದ್ದಳು. ಮೂರು ಹೆಸರುಗಳನ್ನು ಮುದ್ರಿಸಿದ 38 ಚೀಟಿಗಳನ್ನು ತಂದೆ. ಎಲ್ಲರೂ ಒಂದೇ ಪೆನ್ಸಿಲಿನಿಂದ, ಬಾಗಿಲ ಮರೆಯಲ್ಲಿ ಒಬ್ಬೊಬ್ಬರಾಗಿ ಗುರುತು ಹಾಕಿದರು. ಮಿಠಾಯಿಯ ಅಚ್ಚು ಸಿಗದ್ದರಿಂದ ರಟ್ಟಿನ ಪೆಟ್ಟಿಗೆಯ ಅಂಟುಪಟ್ಟಿಯ ಮೇಲೆ ಮೂವರು ಅಭ್ಯರ್ಥಿಗಳೂ ಅಡ್ಡಲಾಗಿ ಸಹಿ ಮಾಡಿದರು.

ಎಣಿಕೆಯಲ್ಲಿ 19, 12, 6 ಬಂತು. ಒಂದು ಚೀಟಿಯಲ್ಲಿ ಎರಡು ಹೆಸರಿಗೆ ಗುರುತು ಇದ್ದುದರಿಂದ ಅದು ಅಸಿಂಧುವಾಯಿತು. ಗೆದ್ದವನು ಅವನೇ. ಆದರೆ ಅವನು ಸಂತೋಷಪಡುವ ಬದಲು 31ರಿಂದ 19ನ್ನು ಬೆರಳುಗಳ ಮೇಲೆ ಕಳೆದು ನೋಡಿ, ತರಗತಿಯ ಕಡೆಗೆ ತಿರುಗಿ, "ಯಾವ ಹನ್ನೆರಡು ಜನ?" ಎಂದು ಕೇಳಿದ. ಯಾರೂ ಉತ್ತರಿಸಲಿಲ್ಲ. ಹನ್ನೆರಡೇ ಎಂದೂ ಹೇಳುವಂತಿಲ್ಲ, ಹೆಚ್ಚೂ ಇರಬಹುದು, ಹೊಸದಾಗಿ ನಿನ್ನ ಕಡೆಗೆ ಬಂದವರೂ ಇರಬಹುದು ಎಂದು ಗಣಿತದಲ್ಲಿ ಜಾಣೆಯಾದ ಒಬ್ಬಳು ತಿದ್ದಿದಳು. ಅವನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪ್ರತಿಯೊಂದು ಮುಖವನ್ನೂ ನೋಡುತ್ತಾ ಬಂದ. ಕಿಟಕಿಯ ಪಕ್ಕದವಳು ಅವನ ಕಣ್ಣನ್ನೇ ನೇರವಾಗಿ ನೋಡುತ್ತಾ, ಎರಡೂ ಕೈಗಳನ್ನು ಡೆಸ್ಕಿನ ಮೇಲೆ ಜೋಡಿಸಿಟ್ಟುಕೊಂಡು ಕುಳಿತಿದ್ದಳು.