ಮಲ್ಪೆಯ ಆಕಾಶದಲ್ಲಿ ಖಾಲಿ ಕಾಣುವ ಜಾಗ

ಜನವರಿ ಮಧ್ಯದಲ್ಲಿ ರಾತ್ರಿ ಎಂಟೂವರೆಗೆ ಮಲ್ಪೆ ಬೀಚಿನಲ್ಲಿ ಕಡಲನ್ನು ಬಲಕ್ಕೆ ಬಿಟ್ಟು ದಕ್ಷಿಣಕ್ಕೆ ನಿಂತರೆ, ಅರ್ಧ ಎತ್ತರದಲ್ಲಿ ಫೋರ್ನ್ಯಾಕ್ಸ್ ನಕ್ಷತ್ರಪುಂಜ. ಬರಿಗಣ್ಣಿಗೆ ಹೆಚ್ಚೇನೂ ಕಾಣದು. 2003-04ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ಅಲ್ಲಿನ ಒಂದು ಚೂರನ್ನೇ ಸುಮಾರು ಹತ್ತು ಲಕ್ಷ ಸೆಕೆಂಡು ನೋಡಿತು. ಸಿಕ್ಕಿದ್ದು ಹತ್ತಿರ ಹತ್ತಿರ 10,000 ಗ್ಯಾಲಕ್ಸಿ! ಖಾಲಿ ಅಂದುಕೊಂಡಲ್ಲಿ ಇಷ್ಟೊಂದು ಇತ್ತಲ್ಲ ಅಂತ ಈಗಲೂ ಮನಸ್ಸು ತುಂಬುತ್ತದೆ.

ಒಂದೇ ಉದ್ದನೆಯ ಎಕ್ಸ್‌ಪೋಶರ್ ಅಲ್ಲ ಅದು, 800 ತುಂಡುಗಳು. ಬಾಹ್ಯಾಕಾಶದಿಂದ ವೇಗವಾಗಿ ಬರುವ ಕಣ, ಅಂದರೆ ಕಾಸ್ಮಿಕ್ ಕಿರಣ, ಸೆನ್ಸರಿಗೆ ಬಡಿದು ಬಿಳಿ ಗೀರು ಬಿಡುತ್ತದೆ. ಆ ಗೀರು ಮುಂದಿನ ಚಿತ್ರದಲ್ಲಿ ಅದೇ ಜಾಗದಲ್ಲಿ ಇರುವುದಿಲ್ಲ, ಹಾಗಾಗಿ ಹೋಲಿಸಿ ತೆಗೆಯಬಹುದು. ನಡುನಡುವೆ ಗುರಿಯನ್ನು ತುಸು ಸರಿಸಿದರೆ ಕೆಟ್ಟ ಪಿಕ್ಸೆಲ್ಲೂ ಸಿಕ್ಕಿಬೀಳುತ್ತದೆ. ಆದರೆ ಸಮಯ ನಾಲ್ಕು ಪಟ್ಟಾದರೂ ಚಿತ್ರದ ಗದ್ದಲದೆದುರು (ಮಸುಕು ಚುಕ್ಕೆಗಳನ್ನು ಮುಚ್ಚುವ ಏರಿಳಿತ) ಬೆಳಕಿನ ಬಲ ಹೆಚ್ಚುವುದು ಎರಡೇ ಪಟ್ಟು. ಇನ್ನೂ ದೂರದ ಗ್ಯಾಲಕ್ಸಿಗಳ ಬೆಳಕಿನ ಅಲೆ ಹಿಗ್ಗಿ, ಬೆಚ್ಚಗಿನ ವಸ್ತುಗಳೂ ಸೂಸುವ ಅತಿಗೆಂಪಿಗೆ ಸರಿದಿರುತ್ತದೆ, ಅವಕ್ಕೆ ಜೇಮ್ಸ್ ವೆಬ್ ದೂರದರ್ಶಕದ ತಣ್ಣನೆಯ ಕನ್ನಡಿಯೇ ಬೇಕು.