ಅಮ್ಮ ಮನೇಲಿದ್ದರೆ ಬೂಟ್ ಆಗದ ಕಂಪ್ಯೂಟರ್

ಸಿಕ್ಕಿಬಿದ್ದ! ಕಂಪ್ಯೂಟರ್ ಬೂಟ್ ಆಗದ (ಶುರುವಾಗದ) ಹಾಗೆ ಮಾಡಿ ಎರಡು ವಾರ ಆಟ ಆಡಿಸಿದ ದೋಷವೆಂಬ ಕಳ್ಳ ನಿನ್ನೆ ರಾತ್ರಿ ಹನ್ನೊಂದೂವರೆಗೆ ಅಮ್ಮನ ಹೊಲಿಗೆ ಸೂಜಿಯ ತುದಿಗೆ ಸಿಕ್ಕಿದ. ಇವತ್ತು ಬೆಳಿಗ್ಗೆ ಕಂಪ್ಯೂಟರ್ ಗಲಾಟೆ ಇಲ್ಲದೆ ಎದ್ದು ಕೂತಿತು. ಮರೆಯುವ ಮುಂಚೆ ಬರೆದಿಡುತ್ತೇನೆ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹಾಲ್‌ನಲ್ಲಿರುವುದು ಎಚ್61 ಚಿಪ್‌ಸೆಟ್ ಮದರ್‌ಬೋರ್ಡಿನ ಹಳೇ ಗಾಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಆಗ ಒಂದು ಎಸ್ಎಸ್‌ಡಿ ಸಿಕ್ಕಿಸಿ ಲಿನಕ್ಸ್ ಮಿಂಟ್ ಹಾಕಿದ್ದೆ. ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸೋ ಸಾಟಾ ಪೋರ್ಟ್ ನಾಲ್ಕೂ 3 ಗಿಗಾಬಿಟ್‌ನವು. ಎಸ್ಎಸ್‌ಡಿಯ ಅರ್ಧ ಓಟ ಅಲ್ಲೇ ಖಲಾಸ್. ಇರಲಿ. ಜೊತೆಗೆ ಫೋಟೋ ಮತ್ತು ಅಪ್ಪನ ಯಕ್ಷಗಾನದ ರೆಕಾರ್ಡಿಂಗ್ ಇರುವ 1 ಟಿಬಿ ಡಿಸ್ಕ್. ಅದು ಹಿಂದೆ ವಿಂಡೋಸ್ ಎಕ್ಸ್‌ಪಿ ಇದ್ದ ಡಿಸ್ಕ್. ಅದೇ ಪಾರ್ಟಿಷನ್ ಅನ್ನು ಲಿನಕ್ಸ್‌ನ ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿದ್ದೆ, ಆದರೆ ಡಿಸ್ಕಿನ ಮೊಟ್ಟಮೊದಲ ಸೆಕ್ಟರ್‌ನಲ್ಲಿ ಬೂಟ್ ಕೋಡ್ ಇರುತ್ತಲ್ಲ, ಆ ಎಂಬಿಆರ್ ಮುಟ್ಟಿರಲಿಲ್ಲ. ಈ ಸೋಮಾರಿತನ ಮುಂದೆ ಕೆಲಸಕ್ಕೆ ಬರುತ್ತೆ.

ಮೊದಲ ದಿನ ಬೆಳಿಗ್ಗೆ ಕಪ್ಪು ಪರದೆ ಮೇಲೆ ಒಂದೇ ಸಾಲು: 'ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್'. ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋದರೆ ತಾರೀಖು 2012ರ ಜನವರಿ 1. ಓಹೋ, ಸೆಟ್ಟಿಂಗ್, ಗಡಿಯಾರ ಎರಡನ್ನೂ ಕಾಯೋ ಬೋರ್ಡಿನ ಸೆಲ್ ಸತ್ತಿದೆ. ಇದು ಎಲ್ಲರಿಗೂ ಗೊತ್ತಿರೋದೇ. ಡೊಂಬಿವಲಿಯಿಂದ ದಾದರ್, ದಾದರ್‌ನಿಂದ ಗ್ರ್ಯಾಂಟ್ ರೋಡ್, ಅಲ್ಲಿಂದ ನಡೆದು ಕಂಪ್ಯೂಟರ್ ಸಾಮಾನಿನ ಪೇಟೆ ಲ್ಯಾಮಿಂಗ್ಟನ್ ರೋಡ್. ಬೇರೆ ಸಾಮಾನೂ ಬೇಕಿತ್ತು, ಇಲ್ಲದಿದ್ದರೆ ಒಂದು ಸಿಆರ್2032 ಸೆಲ್‌ಗೆ ಯಾರು ಅಷ್ಟು ದೂರ ಹೋಗ್ತಾರೆ? ಅಂಗಡಿಯವನು ಡ್ರಾಯರ್‌ನಲ್ಲಿ ಸ್ಕ್ರೂಗಳ ಮಧ್ಯೆ ಬಿದ್ದಿದ್ದ ಒಂದು ಸೆಲ್ ಎತ್ತಿ, ಶರ್ಟಿಗೆ ಒರೆಸಿ ಕೊಟ್ಟ. "ಒರಿಜಿನಲ್ ಹೈ ಸಾಬ್." ಹಾಕಿದೆ. ತಾರೀಖು ಸರಿ ಮಾಡಿದೆ, ಯಾವ ಡಿಸ್ಕ್‌ನಿಂದ ಮೊದಲು ಶುರುವಾಗಬೇಕು ಅನ್ನೋ ಬೂಟ್ ಆರ್ಡರ್‌ನಲ್ಲಿ ಎಸ್ಎಸ್‌ಡಿ ಮೇಲಿಟ್ಟೆ. ಓಡಿತು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಸಾಲು.

ಸೆಲ್ ಹೊಸದು, ಹಾಗಾಗಿ ಸೆಲ್ ಅಲ್ಲ. ಈ ಒಂದು ತೀರ್ಮಾನಕ್ಕೆ ನಾನು ಕೊಟ್ಟ ಬೆಲೆ ಒಂದು ವಾರ. ಲೈವ್ ಯುಎಸ್‌ಬಿಯಿಂದ ಗ್ರಬ್ (ಮಿಂಟ್ ಶುರುಮಾಡೋ ಪುಟ್ಟ ಪ್ರೋಗ್ರಾಂ) ಮತ್ತೆ ಹಾಕಿದೆ. ಓಡಿತು! ಬೆಳಿಗ್ಗೆ ಇಲ್ಲ. ಸಾಟಾ ಕೇಬಲ್ ಬದಲಿಸಿದೆ. ಓಡಿತು! ಬೆಳಿಗ್ಗೆ ಇಲ್ಲ. ಪೋರ್ಟ್ ಬದಲಿಸಿದೆ, ಅದೇ ಕಥೆ. ಡಿಸ್ಕ್ ತನ್ನ ಆರೋಗ್ಯ ತಾನೇ ಬರೆದಿಡೋ ಸ್ಮಾರ್ಟ್ ರೀಡಿಂಗ್ ನೋಡಿದರೆ ರೀಅಲೊಕೇಟೆಡ್ ಸೆಕ್ಟರ್ ಸೊನ್ನೆ, ಸಿಆರ್‌ಸಿ ಎರರ್ ಸೊನ್ನೆ. ಡಿಸ್ಕ್ ನನಗಿಂತ ಆರೋಗ್ಯವಾಗಿತ್ತು.

ಪ್ರತಿ ಸಲ ಯಾಕೆ ಓಡುತ್ತಿತ್ತು ಅಂತ ಈಗ ಹೇಳಬಲ್ಲೆ. ಯುಎಸ್‌ಬಿಯಿಂದ ಬೂಟ್ ಮಾಡಿ ಮುಗಿಸಿದ ಮೇಲೆ ನಾನೇ ಬಯಾಸ್‌ಗೆ ಹೋಗಿ ಎಸ್ಎಸ್‌ಡಿಯನ್ನು ಮೊದಲಿಗೆ ತರುತ್ತಿದ್ದೆ. ರಿಪೇರಿ ಆಗಿದ್ದು ಅಲ್ಲಿ, ಹೆಸರು ಬಂದಿದ್ದು ಗ್ರಬ್‌ಗೆ, ಕೇಬಲ್‌ಗೆ. ಮೊದಲ ಪುಟದಲ್ಲಿ ತಾರೀಖು ಮತ್ತೆ 2012 ಅಂತ ಕೂಗಿಕೊಳ್ಳುತ್ತಿತ್ತಂತೆ. ನಾನು ಸೀದಾ ಬೂಟ್ ಟ್ಯಾಬ್‌ಗೆ ಹಾರುತ್ತಿದ್ದೆ. ಒಳಗೆ ಹೋದ ಮೇಲೆ ಮಿಂಟ್ ನೆಟ್‌ನಿಂದ ಗಡಿಯಾರ ಸರಿ ಮಾಡಿಕೊಳ್ಳುತ್ತೆ, ಅಲ್ಲೂ ಸುಳಿವು ಇಲ್ಲ. ಇನ್ನು ಆನ್ ಆದ ತಕ್ಷಣ ಬರೋ ಪೋಸ್ಟ್ ಸ್ಕ್ರೀನ್ ಏನಾದರೂ ಹೇಳಿದರೂ ನನ್ನ ಮಾನಿಟರ್ ಕಣ್ಣು ಬಿಡುವಷ್ಟರಲ್ಲಿ ಅದು ಮುಗಿದಿರುತ್ತೆ.

ಮಾನಿಟರ್‌ನ ವಿಚಾರ ಬಂತು ನೋಡಿ, ಇನ್ನೊಂದು ಮಾಡಿಕೊಳ್ಳೋ ಆಸೆ ನನಗೆ. ಸತ್ತ ಲ್ಯಾಪ್‌ಟಾಪಿನ 15.6 ಇಂಚಿನ ಪ್ಯಾನಲ್ ತೆಗೆದಿಟ್ಟಿದ್ದೇನೆ. ಒಂದು ಕಂಟ್ರೋಲರ್ ಬೋರ್ಡ್ ಹಾಕಿ, ಅಡುಗೆಮನೆ ರಿಪೇರಿಯಲ್ಲಿ ಉಳಿದ ಪ್ಲೈವುಡ್‌ನಲ್ಲಿ ಚೌಕಟ್ಟು ಮಾಡಿ, ಬೆಂಚ್ ಮಾನಿಟರ್ ಮಾಡೋ ಯೋಚನೆ. ಪ್ಯಾನಲ್ ಹಿಂದಿನ ನಂಬರ್ ಫೋಟೋ ತೆಗೆದು ಕಳಿಸಿ, 30 ಪಿನ್ನಿನ ಇಡಿಪಿ ಕನೆಕ್ಟರ್ ಅಂತ ಮೂರು ಸಲ ಹೇಳಿ ತರಿಸಿದ್ದು. ಬಂದದ್ದು ಬೇರೆಯದೇ ಜಾತಿಯ, 40 ಪಿನ್ನಿನ ಎಲ್‌ವಿಡಿಎಸ್ ಬೋರ್ಡ್. ಕೇಳಿದರೆ "ಚಲೇಗಾ" ಅಂದ ಅಂಗಡಿಯವನು. ಹೇಗೆ ಚಲೇಗಾ? ಹತ್ತು ಪಿನ್ ಕತ್ತರಿಸಬೇಕಾ? ಆ ಪುರಾಣ ಇನ್ನೊಂದು ದಿನ.

ತಲೆ ಓಡಲು ಶುರುವಾಗಿದ್ದು ಎಂಟನೇ ದಿನ. 'ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್' ಅನ್ನುವುದು ಬಯಾಸ್‌ನ ಮಾತಲ್ಲ, ಗ್ರಬ್‌ನ ಮಾತೂ ಅಲ್ಲ. ಅದು ವಿಂಡೋಸ್ ಎಂಬಿಆರ್ ಒಳಗೇ ಬರೆದಿಟ್ಟ ಸಾಲು. ಆ ಪುಟ್ಟ ಕೋಡ್ ಆಕ್ಟಿವ್ ಪಾರ್ಟಿಷನ್‌ನ ಮೊದಲ ಸೆಕ್ಟರ್ ಓದುತ್ತೆ, ಅದರ ಕೊನೆಯ ಎರಡು ಬೈಟ್‌ನಲ್ಲಿ 55 ಎಎ ಅನ್ನೋ ಬೂಟ್ ಗುರುತು ಇಲ್ಲದಿದ್ದರೆ ಹೀಗೆ ಗೊಣಗಿ ನಿಲ್ಲುತ್ತೆ. ನನ್ನ ಎಸ್ಎಸ್‌ಡಿಯಲ್ಲಿ ವಿಂಡೋಸ್‌ನ ಎಂಬಿಆರ್ ಇಲ್ಲವೇ ಇಲ್ಲ! ಮಾತಾಡುತ್ತಿರುವುದು ಯಕ್ಷಗಾನದ ಡಿಸ್ಕ್. ಎಕ್ಸ್ಟ್4 ತನ್ನ ಮೊದಲ 1024 ಬೈಟ್ ಬಳಸೋದಿಲ್ಲ, ಅಲ್ಲಿ 55 ಎಎ ಎಲ್ಲಿಂದ ಬರಬೇಕು? ಅಂದರೆ ರಾತ್ರಿ ನಾನು ಇಟ್ಟ ಬೂಟ್ ಆರ್ಡರ್ ಬೆಳಿಗ್ಗೆ ಅಳಿಸಿಹೋಗುತ್ತಿದೆ, ಮೊದಲ ಪೋರ್ಟಿನ ಡಿಸ್ಕ್ ಮುಂದೆ ಬಂದು ನಿಲ್ಲುತ್ತಿದೆ.

ಆದರೆ ಪರೀಕ್ಷೆ ಮಾಡಿದರೆ ಅಳಿಸೋದಿಲ್ಲ! ಗೋಡೆ ಸ್ವಿಚ್ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿದೆ. ಎಲ್ಲ ಸರಿ. ಮೂರು ಸಲ ಮಾಡಿದೆ.

ಆ ವಾರಾಂತ್ಯ ಅಮ್ಮ ಮುಲುಂಡ್‌ಗೆ ಅಕ್ಕನ ಮನೆಗೆ ಹೋದಳು. ಶನಿವಾರ, ಭಾನುವಾರ, ಸೋಮವಾರ, ಮೂರು ದಿನವೂ ಬೆಳಿಗ್ಗೆ ಬೂಟ್ ಆಯಿತು. ಸೋಮವಾರ ಸಂಜೆ ಅಮ್ಮ ಬಂದಳು. ಮಂಗಳವಾರ ಬೆಳಿಗ್ಗೆ ಆಪರೇಟಿಂಗ್ ಸಿಸ್ಟಮ್ ಮಾಯ.

ಮಂಗಳವಾರ ರಾತ್ರಿ ಸೋಫಾದ ಮೇಲೆ ಮಲಗಿದ ಹಾಗೆ ನಟಿಸುತ್ತಾ ಕಾದೆ. ಹತ್ತೂವರೆಗೆ ಅಮ್ಮ ಬಂದಳು. ಟಿವಿ ಸ್ವಿಚ್, ಟಕ್. ಸೆಟ್‌ಟಾಪ್ ಬಾಕ್ಸ್, ಟಕ್. ಕಂಪ್ಯೂಟರ್, ಟಕ್.

"ಅಮ್ಮಾ, ದಿನಾ ಆಫ್ ಮಾಡ್ತೀಯಾ?"

"ಮತ್ತೆ? ರಾತ್ರಿಯಿಡೀ ಆ ಕೆಂಪು ದೀಪ ಯಾರಿಗೆ ಉರೀಬೇಕು? ಬಿಲ್ ಕಟ್ಟೋನು ನೀನೇ ಅಲ್ವಾ."

ಸ್ವಿಚ್ ಆನ್ ಇದ್ದಷ್ಟು ಹೊತ್ತು ಎಸ್‌ಎಂಪಿಎಸ್‌ನ (ಪವರ್ ಸಪ್ಲೈ) 5 ವೋಲ್ಟ್ ಸ್ಟ್ಯಾಂಡ್‌ಬೈ, ಬಯಾಸ್ ಸೆಟ್ಟಿಂಗ್ ನೆನಪಿಡೋ ಸೀಮಾಸ್ ಅನ್ನು ಸಾಕುತ್ತೆ, ಸೆಲ್‌ಗೆ ಕೆಲಸವೇ ಇಲ್ಲ. ಆಫ್ ಮಾಡಿದರೂ ಕೆಪಾಸಿಟರ್‌ಗಳಲ್ಲಿ ಉಳಿದದ್ದು ಸ್ವಲ್ಪ ಹೊತ್ತು ಕಾಯುತ್ತೆ, ನನ್ನ ಹತ್ತು ಎಣಿಕೆಗೆ ಅಷ್ಟು ಸಾಕಾಯಿತು. ಇಡೀ ರಾತ್ರಿ ಕಾಯೋದು ಸೆಲ್ ಒಂದೇ. ಆ 'ಒರಿಜಿನಲ್' ಸೆಲ್ ತೆಗೆದು ಮೀಟರ್ ಇಟ್ಟೆ. 2.4 ವೋಲ್ಟ್! ಹೊಸದಾಗಿದ್ದರೆ 3.2ರ ಹತ್ತಿರ ಇರಬೇಕು. ಬುಧವಾರ ಮತ್ತೆ ಲ್ಯಾಮಿಂಗ್ಟನ್ ರೋಡ್. ಬೋರ್ಡೇ ಶಾರ್ಟ್ ಇರಬೇಕು ಅಂತ ಅಂಗಡಿಯವನ ರೋಗನಿದಾನ. ವಾದ ಮಾಡದೆ ಪಕ್ಕದ ಅಂಗಡಿಯಲ್ಲಿ ಸ್ಟ್ರಿಪ್ ಸಮೇತ ಐದು ತಂದೆ. 3.22 ತೋರಿಸಿತು. ಹಾಕಿದೆ, ಅಮ್ಮನಿಗೆ ಧಾರಾಳವಾಗಿ ಆಫ್ ಮಾಡು ಅಂದೆ.

ಗುರುವಾರ ಬೆಳಿಗ್ಗೆ: ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್.

ಆವತ್ತು ಮಾತ್ರ ಗಾಡಿಯನ್ನು ಭಂಗಾರ್‌ವಾಲಾಗೆ (ಗುಜರಿಯವನಿಗೆ) ಕೊಟ್ಟುಬಿಡೋಣ ಅನ್ನಿಸಿತು.

ರಾತ್ರಿ ಪ್ಲಗ್ ಕಿತ್ತು, ಸೆಲ್ ಬೋರ್ಡ್‌ನಲ್ಲೇ ಇರುವಾಗ ಮೀಟರಿನ ಕೆಂಪು ಮೊನೆ ಸೆಲ್ ಬೆನ್ನಿಗೆ, ಕಪ್ಪು ಮೊನೆ ಕ್ಯಾಬಿನೆಟ್ ಸ್ಕ್ರೂಗೆ ಇಟ್ಟೆ. 0.06. ಕೈಯಲ್ಲಿ 3.22 ಇದ್ದದ್ದು ಕೂತ ಕಡೆ ಸೊನ್ನೆ. ಸೆಲ್ ಎತ್ತಿ ಟಾರ್ಚ್ ಬಿಟ್ಟೆ. ಹೋಲ್ಡರ್ ತಳದಲ್ಲಿ ಒಂದು ಪುಟ್ಟ ನಾಲಗೆ ಇರುತ್ತಲ್ಲ, ನೆಗೆಟಿವ್ ಮುಟ್ಟೋದು. ಅದು ಚಪ್ಪಟೆಯಾಗಿ ತಳಕ್ಕೆ ಅಂಟಿ ಮಲಗಿತ್ತು. ಮೇಲೆ ಹಸಿರು ಪಾಚಿಯ ಹಾಗೆ ಕಿಲುಬು. ಮುಂಬೈ ಮಳೆಗಾಲಕ್ಕೆ ಕಿಟಕಿ ಪಕ್ಕ ಇಟ್ಟದ್ದಕ್ಕೆ ಪ್ರಸಾದ. ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಉಜ್ಜಿದೆ, ಹತ್ತಿ ಹಸಿರಾಯಿತು. ಆಮೇಲೆ ಸೂಜಿ ತುದಿಯನ್ನು ನಾಲಗೆ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಎತ್ತಿದೆ. ಜಾಸ್ತಿ ಎತ್ತಿದರೆ ಮುರಿದೇ ಹೋಗುತ್ತೆ. ಸೆಲ್ ಒತ್ತಿದಾಗ ಈ ಸಲ ಸ್ಪ್ರಿಂಗ್ ಎದುರೊತ್ತಿದ್ದು ಬೆರಳಿಗೆ ಗೊತ್ತಾಯಿತು. ಮೀಟರ್ ಇಟ್ಟೆ: 3.19.

ಪ್ಲಗ್ ಹಾಕಿ, ಆರ್ಡರ್, ತಾರೀಖು ಎರಡೂ ಸರಿ ಮಾಡಿ, ಸ್ವಿಚ್ ಆಫ್ ಮಾಡಿ ಮಲಗಿದೆ. ಬೆಳಿಗ್ಗೆ ಮೊದಲು ಬಯಾಸ್‌ಗೆ ಹೋಗಿ ತಾರೀಖು ನೋಡಿದೆ, ಇವತ್ತಿನದೇ. ಆಮೇಲೆ ಮಿಂಟ್. ಸೂಜಿ ಮಾತ್ರ ಸ್ವಲ್ಪ ಬಾಗಿದೆ, ಡಬ್ಬಿಗೆ ಹಾಗೇ ಹಾಕಿಟ್ಟಿದ್ದೇನೆ, ಅಮ್ಮ ಇನ್ನೂ ನೋಡಿಲ್ಲ.

ನಾಳೆ ಶನಿವಾರ, 40 ಪಿನ್ನಿನ ಬೋರ್ಡ್ ವಾಪಸ್ ಕೊಡೋಕೆ ಮತ್ತೆ ಗ್ರ್ಯಾಂಟ್ ರೋಡ್. ಈ ಸಲ ಚೀಲದಲ್ಲಿ ಪ್ಯಾನಲ್ ಇದೆ, ಮೀಟರ್ ಇದೆ, ಆ 2.4 ವೋಲ್ಟಿನ 'ಒರಿಜಿನಲ್' ಕೂಡ ಇದೆ.